ಲಾರಿ ಚಾಲಕ ವೃತ್ತಿ: ಕುಟುಂಬಸ್ಥ ಅರ್ಜಿದಾರರಿಗೆ ಮಾಹಿತಿ

ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ಕ್ಕೆ ಹೊಂದಿಕೊಂಡಿರುವ ಗುಡೇಮಾರನಹಳ್ಳಿ ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರು ಲಾರಿ ಚಾಲಕ ವೃತ್ತಿಯನ್ನು ಕೈಗೊಳ್ಳುವ ಮುನ್ನ ಈ ಕೆಳಕಂಡ ಅಂಶಗಳನ್ನು ಕುಟುಂಬದವರೊಡನೆ ಪರಿಶೀಲಿಸುವುದು ಸೂಕ್ತ.

1. ಅರ್ಹತೆ: ಮೋಟಾರು ವಾಹನಗಳ ಅಧಿನಿಯಮ, 1988ರನ್ವಯ ಅರ್ಜಿದಾರರಿಗೆ 20 ವರ್ಷ ತುಂಬಿರಬೇಕು. ಲಘು ಮೋಟಾರು ವಾಹನ ಪರವಾನಗಿ ಪಡೆದು ಕನಿಷ್ಠ 1 ವರ್ಷವಾಗಿರಬೇಕು. ನಮೂನೆ 1-ಎ ರಲ್ಲಿ ವೈದ್ಯಕೀಯ ಪ್ರಮಾಣಪತ್ರ ಸಲ್ಲಿಸತಕ್ಕದ್ದು.

2. ಕೆಲಸದ ಅವಧಿ: ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿಯನ್ನು ಕಾನೂನು 1961ರಲ್ಲಿಯೇ ಗೊತ್ತುಪಡಿಸಿತು. ಆದರೆ ಒಂದೆರಡು ಲಾರಿಗಳ ಮಾಲೀಕರಲ್ಲಿ ಟ್ರಿಪ್ ಲೆಕ್ಕದಲ್ಲಿ ದುಡಿಯುವವರಿಗೆ ಇದು ದೊರೆಯುವುದು ಅಪರೂಪ. ವಾರಕ್ಕೆ ಎಷ್ಟು ರಾತ್ರಿ ಹೊರಗಿರಬೇಕೆಂಬುದನ್ನು ಮೊದಲೇ ಕೇಳಿ ತಿಳಿಯುವುದು.

3. ಮನೆಯ ಲೆಕ್ಕ: ‘ಬಾಟಾ’ ಎಂಬ ದಿನಭತ್ಯೆ ದಾರಿಯ ಊಟ-ತಿಂಡಿಗೇ ಖರ್ಚಾಗುವುದರಿಂದ ಅದನ್ನು ಆದಾಯವೆಂದು ಎಣಿಸಬಾರದು. ಮಗುವಿಗೆ ನಡುರಾತ್ರಿ ಜ್ವರ ಬಂದಲ್ಲಿ ಆಸ್ಪತ್ರೆಗೆ ಕರೆದೊಯ್ಯುವವರು ಯಾರೆಂಬುದೂ ಲೆಕ್ಕದಲ್ಲಿ ಸೇರಿರಲಿ.

4. ಸಲಹೆ: ಸರ್ವೋಚ್ಚ ನ್ಯಾಯಾಲಯದ 2024ರ ತೀರ್ಪಿನಂತೆ ಒಟ್ಟು ತೂಕ 7,500 ಕಿ.ಗ್ರಾಂ. ಮೀರದ ಸರಕು ವಾಹನವನ್ನು ಲಘು ವಾಹನ ಪರವಾನಗಿಯಲ್ಲಿಯೇ ಚಲಾಯಿಸಬಹುದು. ಆದುದರಿಂದ ಮೇಲ್ಕಂಡ 1 ವರ್ಷದಲ್ಲಿ ಸಂಜೆಗೆ ಮನೆ ಸೇರುವಂತಹ ಸ್ಥಳೀಯ ಸರಕು ಸಾಗಣೆಯಲ್ಲಿ ದುಡಿದು ನೋಡಿ, ತದನಂತರ ತೀರ್ಮಾನಿಸಬಹುದು.

ಅರ್ಜಿಯನ್ನು ‘ಸಾರಥಿ’ ಜಾಲತಾಣದ ಮೂಲಕ ಸಲ್ಲಿಸುವುದು.