ಕಣ್ರೆಪ್ಪೆ ನೋಡಿ ಔಷಧಿ ಕುಡಿಸಿ

ಮಳೆಗಾಲ ಹಿಡಿದು ಕೆಲವು ವಾರ ಕಳೆಯುವಷ್ಟರಲ್ಲಿ ಮಂದೆಯ ಒಂದೆರಡು ಮೇಕೆಗಳು ನಡೆಯಲಾರದೆ ಹಿಂದೆ ಬೀಳುತ್ತವೆ. ಮೇವು ಬಿಟ್ಟಿರುವುದಿಲ್ಲ, ಹಿಕ್ಕೆಯೂ ಗಟ್ಟಿಯಾಗಿಯೇ ಇರುತ್ತದೆ. ಆದರೆ ಗದ್ದದ ಕೆಳಗೆ ಮೆತ್ತನೆಯ ಬಾವು ಕಾಣಿಸಿಕೊಳ್ಳುತ್ತದೆ. ಭೇದಿಯಿಲ್ಲವಲ್ಲ, ಜಂತುಹುಳು ಇರಲಾರದು ಎಂದು ಸಾಕಿದವರು ಸುಮ್ಮನಾಗುವುದುಂಟು. ಮೋಸ ಹೋಗುವುದು ಅಲ್ಲೇ.

ಇದು ಹಿಮಾಂಕಸ್ ಕಂಟಾರ್ಟಸ್ ಎಂಬ ಹುಳುವಿನ ಕೆಲಸ. ಮೇಕೆಯ ನಾಲ್ಕನೇ ಹೊಟ್ಟೆಯೇ ಇದರ ಮನೆ. ಹೆಣ್ಣು ಹುಳು ಎರಡು–ಮೂರು ಸೆಂ.ಮೀ. ಉದ್ದ. ರಕ್ತ ತುಂಬಿದ ಕೆಂಪು ಕರುಳಿಗೆ ಬಿಳಿ ಅಂಡಾಶಯ ಸುತ್ತಿಕೊಂಡಿರುವುದರಿಂದ, ಕೆಂಪು–ಬಿಳಿ ದಾರ ಹೊಸೆದಂತೆ ಕಾಣುತ್ತದೆ. ಒಂದು ಹುಳು ದಿನಕ್ಕೆ ಕಳೆಯುವ ರಕ್ತ ಸುಮಾರು 0.05 ಮಿ.ಲೀ. ಸಾವಿರ ಹುಳುಗಳಿದ್ದರೆ 50 ಮಿ.ಲೀ. ಆಯಿತು. ಇಪ್ಪತ್ತು ಕೆ.ಜಿ. ತೂಗುವ ಮೇಕೆಯ ಮೈಯಲ್ಲಿರುವುದೇ ಒಂದೂವರೆ ಲೀಟರಿನೊಳಗಿನ ರಕ್ತ. ರಕ್ತದೊಂದಿಗೆ ಪ್ರೋಟೀನೂ ಸೋರಿಹೋಗಿ, ನೀರಿನಂಶ ರಕ್ತನಾಳದಲ್ಲಿ ನಿಲ್ಲದೆ ಗದ್ದದಡಿ ಇಳಿಯುತ್ತದೆ.

ಹೆಣ್ಣು ಹುಳು ದಿನಕ್ಕೆ ಸಾವಿರಾರು ಮೊಟ್ಟೆಯಿಡುತ್ತದೆ. ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದ ಮೊಟ್ಟೆಗಳು ಬೆಚ್ಚಗಿನ ತೇವದಲ್ಲಿ ಒಡೆದು, ವಾರದೊಳಗೆ ಮರಿಗಳು ಸೋಂಕು ತಗುಲಿಸಲು ಸಜ್ಜಾಗುತ್ತವೆ. ಇಬ್ಬನಿಯ ಪಸೆ ಹಿಡಿದು ಹುಲ್ಲಿನ ಎಸಳೇರುತ್ತವೆ. ಹೆಚ್ಚಿನವು ಬುಡದ ಕೆಲವೇ ಅಂಗುಲಗಳಲ್ಲಿ ಉಳಿಯುತ್ತವೆ. ಮೇಕೆ ನುಂಗಿದ ಮೂರು ವಾರಕ್ಕೆ ಅವೂ ಮೊಟ್ಟೆಯಿಡತೊಡಗುತ್ತವೆ.

ಆಡು ಮುಟ್ಟದ ಸೊಪ್ಪಿಲ್ಲವೆಂಬುದು ನಿಜ. ತಲೆಯೆತ್ತಿ ಗಿಡದ ಸೊಪ್ಪು ತರಿಯುವ ಪ್ರಾಣಿಗೆ ನೆಲದ ಈ ಮರಿಹುಳುಗಳ ಕಾಟ ಕಡಿಮೆ. ಹಾಗಾಗಿ ಕುರಿಗಿರುವಷ್ಟು ತಡೆಶಕ್ತಿಯೂ ಅದಕ್ಕಿಲ್ಲ. ಅಂಥ ಮೇಕೆಯನ್ನು ಬೇಲಿಯೊಳಗೆ ಕೂಡಿ, ಬೋಳಾಗುವವರೆಗೆ ಹುಲ್ಲು ಮೇಯಿಸಿದರೆ ಹುಳುವಿಗೆ ಹಬ್ಬ. ಸಾಲದ್ದಕ್ಕೆ, ಅನೇಕ ಜಂತುನಾಶಕಗಳನ್ನು ಮೇಕೆಯ ಮೈ ಕುರಿಗಿಂತ ಬೇಗ ಹೊರಹಾಕುತ್ತದೆ. ಕುರಿಯ ಅಳತೆಯಲ್ಲೇ ಕುಡಿಸಿದರೆ ದುರ್ಬಲ ಹುಳುಗಳಷ್ಟೇ ಸತ್ತು, ಗಟ್ಟಿಪಿಂಡಗಳು ಉಳಿದು ಸಂತಾನ ಬೆಳೆಸುತ್ತವೆ. 1960ರ ದಶಕದ ಆರಂಭದಲ್ಲಿ ಬಂದ ಥಯಾಬೆಂಡಜೋಲ್‌ಗೆ ಕೆಲವೇ ವರ್ಷಗಳಲ್ಲಿ ಹುಳುಗಳು ಜಗ್ಗದಾದವು. ಆಮೇಲಿನ ಔಷಧಿಗಳ ಪಾಡೂ ಬೇರೆಯಾಗಲಿಲ್ಲ.

ಈ ಇಕ್ಕಟ್ಟಿಗೆ ದಕ್ಷಿಣ ಆಫ್ರಿಕಾದ ಪಶುವೈದ್ಯರು ಕುರಿಗಳಲ್ಲಿ ಕಂಡುಕೊಂಡ ಉಪಾಯ ಫಮಾಚಾ ಪಟ್ಟಿ. ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎಳೆದು, ಒಳಪೊರೆಯ ಬಣ್ಣವನ್ನು ಪಟ್ಟಿಯ ಐದು ಬಣ್ಣಗಳಿಗೆ ಹೋಲಿಸಬೇಕು. ಕೆಂಪಿದ್ದರೆ ಒಂದು, ಬಿಳಿಚಿದ್ದರೆ ಐದು. ಮೇಕೆಗಳಲ್ಲಿ ಸಾಮಾನ್ಯವಾಗಿ ಮೂರು ದಾಟಿದವಕ್ಕೆ ಔಷಧಿ ಬೇಕೇ ಬೇಕು. ಮೂರರಲ್ಲೇ ಇರುವ ಮರಿಗಳಿಗೂ ಈದವಕ್ಕೂ ಕೊಡುವುದು ಕ್ಷೇಮ. ಮಂದೆಯ ಬಹುಪಾಲು ಹುಳುಗಳು ಕೆಲವೇ ಮೇಕೆಗಳ ಹೊಟ್ಟೆಯಲ್ಲಿರುವುದರಿಂದ ಈ ಆಯ್ಕೆ ಫಲಿಸುತ್ತದೆ. ಔಷಧಿ ಕುಡಿಯದ ಮೇಕೆಗಳಲ್ಲಿ ಉಳಿದ ಸಾಧು ಹುಳುಗಳು ಮೊಂಡು ಹುಳುಗಳೊಂದಿಗೆ ಕೂಡಿ, ಮೊಂಡುತಳಿ ಹೆಚ್ಚದಂತೆ ತಡೆಯುತ್ತವೆ. ರಕ್ತ ಹೀರದ ಹುಳುಗಳನ್ನು ಮಾತ್ರ ಈ ಪಟ್ಟಿ ತೋರಿಸದು.

ಔಷಧಿ ನಾಟಿದೆಯೇ ಎಂದು ತಿಳಿಯಲು ಕುಡಿಸುವ ದಿನವೊಮ್ಮೆ, ಎರಡು ವಾರದ ಮೇಲೊಮ್ಮೆ ಹಿಕ್ಕೆ ಪರೀಕ್ಷೆ ಮಾಡಿಸಿ ಮೊಟ್ಟೆಗಳ ಲೆಕ್ಕ ಹೋಲಿಸಬೇಕು. ಸಂತೆಯಿಂದ ತಂದ ಮೇಕೆಯನ್ನು ಈ ಪರೀಕ್ಷೆಯಾಗುವವರೆಗೆ ಬೇರೆ ಕಟ್ಟಿ. ಔಷಧಿಗೆ ಬಗ್ಗದ ಹುಳು ಹೊಸ ಕೊಟ್ಟಿಗೆಗೆ ಬರುವ ಸಲೀಸು ದಾರಿ ಅದೇ.