ಹಳೆಯ ನಾಡದೋಣಿ: ದುರಸ್ತಿಯೋ, ಮಾರ್ಪಾಡೋ?

ಮಂಗಳೂರು: ಮೇ ತಿಂಗಳು ಕಾಲಿಟ್ಟಿತೆಂದರೆ ಕರಾವಳಿಯ ದೊಡ್ಡ ದೋಣಿಗಳು ದಡ ಸೇರುವ ಸಿದ್ಧತೆಯಲ್ಲಿರುತ್ತವೆ, ನಾಡದೋಣಿಗಳು ಮಾತ್ರ ಕಡಲಿಗಿಳಿಯುವ ಸಿದ್ಧತೆಯಲ್ಲಿರುತ್ತವೆ. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಮಳೆಗಾಲದ ಎರಡು ತಿಂಗಳುಗಳೇ ಸಣ್ಣ ಮೀನುಗಾರನ ಸುಗ್ಗಿ. ಈ ಹೊತ್ತಿನಲ್ಲಿಯೇ ಹಳೆಯ ಮರದ ದೋಣಿಯುಳ್ಳ ಪ್ರತಿಯೊಂದು ಕುಟುಂಬವೂ ಒಂದು ಪ್ರಶ್ನೆಯನ್ನು ಎದುರಿಸುತ್ತದೆ: ದೋಣಿಯನ್ನು ಇದ್ದ ರೂಪದಲ್ಲಿಯೇ ದುರಸ್ತಿ ಮಾಡಿಸಬೇಕೇ, ಅಥವಾ ಫೈಬರ್ ಹೊದಿಸಿ, ಎಂಜಿನ್ ಏರಿಸಿ ಹೊಸ ಕಾಲಕ್ಕೆ ತಕ್ಕಂತೆ ಮಾರ್ಪಡಿಸಬೇಕೇ?

ಮೇಲ್ನೋಟಕ್ಕೆ ಇದು ಖರ್ಚಿನ ಪ್ರಶ್ನೆ. ವಾಸ್ತವದಲ್ಲಿ ಮರದ ಗುಣ, ಎಂಜಿನ್ನಿನ ಶಕ್ತಿ, ಸರ್ಕಾರದ ನಿಯಮ ಹಾಗೂ ದೋಣಿಯಲ್ಲಿ ಕುಳಿತವರ ಜೀವ, ಈ ನಾಲ್ಕೂ ಇದರಲ್ಲಿ ಅಡಗಿವೆ.

ಬದಲಾದ ಕಡಲು

ಕರ್ನಾಟಕದ ಕರಾವಳಿಯ ಹಳೆಯ ದೋಣಿಗಳಲ್ಲಿ ಹಲವು ಬಗೆಗಳಿವೆ. ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದವು ಕೆಲವು. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದವು ಇನ್ನು ಕೆಲವು. ಮೊಳೆ ಹೊಡೆದು ಜೋಡಿಸಿದವು ಮತ್ತೆ ಕೆಲವು. ಪಕ್ಕದಲ್ಲಿ ತೇಲುಮರ ಕಟ್ಟಿಕೊಂಡ ಪಾತಿ ದೋಣಿಯಿಂದ ಹಿಡಿದು ರಂಪಣಿ ಬಲೆಯನ್ನು ಹೊತ್ತೊಯ್ಯುತ್ತಿದ್ದ ಉದ್ದನೆಯ ದೋಣಿಯವರೆಗೆ ಪ್ರತಿಯೊಂದಕ್ಕೂ ನಿಶ್ಚಿತ ಕೆಲಸವಿತ್ತು.

1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಆ ನಂತರ ಹೊರಗಟ್ಟುವ ಎಂಜಿನ್‌ಗಳು ವ್ಯಾಪಕವಾಗಿ ಬಳಕೆಗೆ ಬಂದವು. ಹುಟ್ಟು ಮತ್ತು ಹಾಯಿಗಾಗಿ ರೂಪುಗೊಂಡಿದ್ದ ದೋಣಿಯ ಬೆನ್ನಿಗೆ ಯಂತ್ರ ಬಂದು ಕುಳಿತಿತು. ಇಂದಿನ ದ್ವಂದ್ವದ ಮೂಲ ಇಲ್ಲಿದೆ.

ಮೊದಲು ಮರದ ಪರೀಕ್ಷೆ

ಯಾವುದೇ ನಿರ್ಧಾರಕ್ಕೆ ಮುನ್ನ ದೋಣಿಯನ್ನು ದಡಕ್ಕೆಳೆದು, ತೊಳೆದು, ನೆರಳಿನಲ್ಲಿ ಒಣಗಿಸಿ ಪರೀಕ್ಷಿಸಬೇಕು. ಮರದ ದೋಣಿಗೆ ಮುಖ್ಯವಾಗಿ ಮೂರು ಶತ್ರುಗಳು.

ಮೊದಲನೆಯದು ಮರ ಕೊರೆಯುವ ಹಡಗುಹುಳು. ಹೆಸರಿಗೆ ಹುಳುವಾದರೂ ಇದು ಮಳಿ, ಕಪ್ಪೆಚಿಪ್ಪುಗಳ ಬಳಗಕ್ಕೆ ಸೇರಿದ ಜೀವಿ. ಸೂಜಿಮೊನೆಯಷ್ಟು ರಂಧ್ರದಿಂದ ಮರಿಯಾಗಿ ಒಳಹೊಕ್ಕು, ಒಳಗೇ ಬೆಳೆದು ಮರವನ್ನು ಟೊಳ್ಳಾಗಿಸುತ್ತದೆ. ಹೊರಗಿನಿಂದ ಹಲಗೆ ಗಟ್ಟಿಯಾಗಿಯೇ ಕಾಣುತ್ತದೆ. ದಿನವೂ ದಡಕ್ಕೆಳೆಯುವ ದೋಣಿಗಿಂತ ಅಳಿವೆಯ ಉಪ್ಪುನೀರಿನಲ್ಲಿ ಸದಾ ನಿಂತಿರುವ ದೋಣಿಗೆ ಇದರ ಕಾಟ ಹೆಚ್ಚು.

ಎರಡನೆಯದು ಕೊಳೆ. ಇದಕ್ಕೆ ಕಾರಣವಾಗುವ ಶಿಲೀಂಧ್ರ ಉಪ್ಪುನೀರಿಗಿಂತ ಮಳೆನೀರನ್ನು ಬಯಸುತ್ತದೆ. ಮರದ ತೇವಾಂಶ ಶೇಕಡಾ 20ನ್ನು ಮೀರಿ ಬಹುಕಾಲ ಉಳಿದರೆ ಕೊಳೆ ಬೇರೂರುತ್ತದೆ. ಆದುದರಿಂದ ದೋಣಿಯ ತಳಕ್ಕಿಂತ ಮೊದಲು ಮಳೆನೀರು ನಿಲ್ಲುವ ಒಳಮೂಲೆಗಳು, ಅಂಚುಮರದ ಅಡಿಭಾಗ ಹಾಗೂ ಕುಳಿತುಕೊಳ್ಳುವ ಅಡ್ಡಹಲಗೆಗಳ ತುದಿಗಳನ್ನು ನೋಡಬೇಕು.

ಮೂರನೆಯದು ಕಬ್ಬಿಣದ ಮೊಳೆಯ ತುಕ್ಕು. ತುಕ್ಕು ಹಿಡಿದ ಮೊಳೆ ತಾನು ಸವೆಯುವುದಷ್ಟೇ ಅಲ್ಲ, ಸುತ್ತಲಿನ ಮರವನ್ನೂ ಕಪ್ಪಾಗಿಸಿ ಪುಡಿಯಾಗಿಸುತ್ತದೆ. ಅಂತಹ ಕಡೆ ಹೊಸ ಮೊಳೆ ಹೊಡೆದರೂ ಅದು ಹಿಡಿದು ನಿಲ್ಲುವುದಿಲ್ಲ.

ಪರೀಕ್ಷೆಗೆ ದುಬಾರಿ ಉಪಕರಣ ಬೇಕಿಲ್ಲ. ಮರದ ಸುತ್ತಿಗೆಯಿಂದ ಗೇಣು ಗೇಣಿಗೆ ತಟ್ಟಿದಾಗ ಗಟ್ಟಿ ಮರ ಖಣಖಣಿಸುತ್ತದೆ. ಟೊಳ್ಳು ಮರ ಮಂಕಾಗಿ ಸದ್ದು ಮಾಡುತ್ತದೆ. ಅನುಮಾನ ಬಂದ ಜಾಗವನ್ನು ಚೂಪಾದ ಮೊನೆಯಿಂದ ಚುಚ್ಚಿ ನೋಡಬೇಕು.

ದುರಸ್ತಿಯ ಲಾಭ, ಮಿತಿ

ಹಲಗೆ ದೋಣಿಯ ದೊಡ್ಡ ಗುಣವೆಂದರೆ ಅದನ್ನು ಬಿಡಿಬಿಡಿಯಾಗಿ ಬದಲಿಸಬಹುದು. ಕೆಟ್ಟ ಹಲಗೆಯನ್ನಷ್ಟೇ ತೆಗೆದು, ಸಂದಿಗಳನ್ನು ಮತ್ತೆ ತುಂಬಿ, ಮೀನೆಣ್ಣೆ ಅಥವಾ ಗೇರುಸಿಪ್ಪೆಯ ಎಣ್ಣೆ ಹಚ್ಚಿದರೆ ದೋಣಿ ಮತ್ತೆ ಕೆಲಸಕ್ಕೆ ಸಿದ್ಧ. ಹೊಲಿದ ದೋಣಿಗೆ ಇನ್ನೊಂದು ಅನುಕೂಲವಿದೆ: ಅಲೆಯ ಹೊಡೆತಕ್ಕೂ ಮರಳಿನ ತಿಕ್ಕಾಟಕ್ಕೂ ಅದು ತುಸು ಬಾಗಿಕೊಡುತ್ತದೆ.

ಈ ವಿದ್ಯೆ ಹಳತಾಯಿತೆಂದು ತಳ್ಳಿಹಾಕುವಂತಿಲ್ಲ. ಹೊಲಿಗೆಯ ವಿಧಾನದಲ್ಲಿಯೇ ಕಟ್ಟಿದ ಹಾಯಿ ಹಡಗು 'ಕೌಂಡಿನ್ಯ' 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ಭಾರತೀಯ ನೌಕಾಪಡೆಗೆ ಸೇರ್ಪಡೆಯಾಯಿತು. ಅಜಂತಾದ ಚಿತ್ರವೊಂದನ್ನು ಆಧರಿಸಿದ ಈ ಹಡಗಿನ ಹಲಗೆಗಳನ್ನು ಹಿಡಿದಿರುವುದು ತೆಂಗಿನ ನಾರಿನ ಹುರಿಯೇ.

ಆದರೆ ಮಿತಿಗಳೂ ಇವೆ. ದಿಮ್ಮಿ ಕೊರೆದು ದೋಣಿ ಮಾಡುವಷ್ಟು ದಪ್ಪದ ಮಾವು, ಹೆಬ್ಬಲಸಿನ ಮರಗಳು ಈಗ ಸುಲಭವಾಗಿ ದೊರೆಯುವುದಿಲ್ಲ. ಕೈಪಳಗಿದ ಆಚಾರಿಗಳ ಸಂಖ್ಯೆ ಕುಗ್ಗಿದೆ. ಎಣ್ಣೆ ಹಚ್ಚುವ, ಹುರಿ ಬದಲಿಸುವ ಕೆಲಸವನ್ನು ಕಾಲಕಾಲಕ್ಕೆ ಮಾಡಲೇಬೇಕು.

ಫೈಬರ್ ಹೊದಿಕೆ: ಒಣಮರಕ್ಕೆ ಮಾತ್ರ

ಹಳೆಯ ದೋಣಿಗೆ ಗಾಜಿನ ನಾರು ಮತ್ತು ರಾಳದ ಹೊದಿಕೆ ಹಾಕಿಸುವುದು ಇಂದು ಎಲ್ಲರ ಮನಸ್ಸಿಗೆ ಮೊದಲು ಬರುವ ಮಾರ್ಪಾಡು. ಸೋರಿಕೆ ನಿಲ್ಲುತ್ತದೆ, ಹುಳು ಒಳಹೊಗದು, ವರ್ಷವರ್ಷದ ಎಣ್ಣೆ ಕೆಲಸ ತಪ್ಪುತ್ತದೆ ಎಂಬುದು ನಿಜ. ಆದರೆ ಒಂದು ಷರತ್ತಿದೆ: ಒಳಗಿನ ಮರ ಒಣಗಿರಬೇಕು, ಆರೋಗ್ಯವಾಗಿರಬೇಕು.

ತೇವವಿರುವ ಮರದ ಮೇಲೆ ಹೊದಿಕೆ ಹಾಕಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಕೊಳೆ ಕಣ್ಣಿಗೆ ಕಾಣದಂತೆ ಮುಂದುವರಿಯುತ್ತದೆ. ಜೊತೆಗೆ ದಶಕಗಳ ಕಾಲ ಎಣ್ಣೆ ಕುಡಿದ ಮರಕ್ಕೆ ಸಾಮಾನ್ಯ ಪಾಲಿಯೆಸ್ಟರ್ ರಾಳ ಸರಿಯಾಗಿ ಅಂಟುವುದಿಲ್ಲ. ಎಪಾಕ್ಸಿ ರಾಳ ಇದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ, ಬೆಲೆ ಹೆಚ್ಚು. ಅಂದರೆ, ದೋಣಿಯನ್ನು ಇಷ್ಟು ದಿನ ಕಾಪಾಡಿದ ಎಣ್ಣೆಯೇ ಹೊದಿಕೆಗೆ ಅಡ್ಡಿಯಾಗುತ್ತದೆ.

ಹೊಲಿದ ದೋಣಿಯ ವಿಷಯದಲ್ಲಿ ಇನ್ನೂ ಎಚ್ಚರ ಅಗತ್ಯ. ಒಳಗಿನ ಹಲಗೆಗಳು ಬಾಗುತ್ತವೆ, ಹೊರಗಿನ ಕವಚ ಬಾಗುವುದಿಲ್ಲ. ಸಂದಿಗಳ ಮೇಲೆಯೇ ಬಿರುಕು ಬಿಟ್ಟು ನೀರು ಹೊಗುತ್ತದೆ. ಒಮ್ಮೆ ಹೊದಿಸಿದ ಮೇಲೆ ಒಂದೇ ಹಲಗೆಯನ್ನು ಬದಲಿಸುವ ಅವಕಾಶವೂ ಕೈತಪ್ಪುತ್ತದೆ. ಫೈಬರ್ ಮಾರ್ಪಾಡು ಹಿಂದಿರುಗಲಾಗದ ಹಾದಿ ಎಂಬುದನ್ನು ಮರೆಯಬಾರದು.

ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರಬ್ಬರ್ ಮರದ ದೋಣಿಗಳನ್ನು ರೂಪಿಸಿದಾಗ ಅನುಸರಿಸಿದ ಕ್ರಮ ಗಮನಾರ್ಹ. ಮೊದಲು ಮರಕ್ಕೆ ಸಂರಕ್ಷಕ ರಾಸಾಯನಿಕದ ಉಪಚಾರ, ನಂತರವೇ ಫೈಬರ್ ಕವಚ. ಕೆಟ್ಟ ಮರವನ್ನು ಮುಚ್ಚುವುದಕ್ಕಲ್ಲ, ಒಳ್ಳೆಯ ಮರವನ್ನು ಕಾಯುವುದಕ್ಕೆ ಹೊದಿಕೆ.

ಎಂಜಿನ್ನಿನ ಲೆಕ್ಕ

ನೀರನ್ನು ಸೀಳಿಕೊಂಡು ಸಾಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಒಂದು ಮಿತಿ ಹಾಕುತ್ತದೆ. ನೀರಿನ ಮಟ್ಟದಲ್ಲಿರುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್‌ಗಳಲ್ಲಿ ಸ್ಥೂಲ ಮಿತಿ ಸಿಗುತ್ತದೆ. 25 ಅಡಿಯ ದೋಣಿಗೆ ಇದು ಸುಮಾರು 6.7 ನಾಟ್, ಅಂದರೆ ಗಂಟೆಗೆ ಹನ್ನೆರಡು ಕಿಲೋಮೀಟರ್ ಆಸುಪಾಸು. ಬಹಳ ಸಪೂರವಾದ ದೋಣಿ ಇದನ್ನು ಸ್ವಲ್ಪ ಮೀರಬಹುದು. ಆ ಮಿತಿಯ ಆಚೆಗೆ ಹೆಚ್ಚಿನ ಅಶ್ವಶಕ್ತಿ ಬಹುಮಟ್ಟಿಗೆ ಅಲೆಯೆಬ್ಬಿಸುವುದಕ್ಕೂ ಇಂಧನ ಸುಡುವುದಕ್ಕೂ ಮಾತ್ರ ಉಪಯೋಗ.

ಎಂಜಿನ್ ಕೂರಿಸಲು ಹಿಂಬದಿಯ ಚೂಪು ತುದಿಯನ್ನು ಕತ್ತರಿಸಿ ಚಪ್ಪಟೆ ಹಲಗೆ ಜೋಡಿಸುವ ಮಾರ್ಪಾಡೂ ಉಂಟು. ಆಗ ಎಂಜಿನ್ನಿನ ಭಾರ ಮತ್ತು ಕಂಪನವೆಲ್ಲ ಆ ಒಂದೇ ಹಲಗೆಯ ಮೇಲೆ ಬೀಳುತ್ತದೆ. ಒಳಗಿನಿಂದ ಮೊಣಕೈ ಆಕಾರದ ಊರೆಮರ ಕೊಟ್ಟು ಭಾರವನ್ನು ಅಡಿಮರಕ್ಕೂ ಪಕ್ಕದ ಹಲಗೆಗಳಿಗೂ ಹಂಚದಿದ್ದರೆ ಸಂದಿಗಳು ಸಡಿಲಗೊಳ್ಳುತ್ತವೆ.

10 ಅಶ್ವಶಕ್ತಿಯ ಗೆರೆ

ನಿಯಮದ ಮಾತು ಇಲ್ಲಿ ಬರುತ್ತದೆ. ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷಿದ್ಧ. ಸಾಂಪ್ರದಾಯಿಕ ದೋಣಿಗಳಿಗೂ 10 ಅಶ್ವಶಕ್ತಿಯವರೆಗಿನ ಎಂಜಿನ್ ಬಳಸುವ ನಾಡದೋಣಿಗಳಿಗೂ ವಿನಾಯಿತಿ ಇದೆ. ಅದಕ್ಕಿಂತ ದೊಡ್ಡ ಎಂಜಿನ್ ಅಳವಡಿಸಿದರೆ ಮಳೆಗಾಲದ ಸುಗ್ಗಿಯ ಹಕ್ಕನ್ನೇ ಕಳೆದುಕೊಳ್ಳಬೇಕಾಗುತ್ತದೆ. ಇತರ ತಿಂಗಳುಗಳಲ್ಲಿ ದೊರೆಯುವ ಅಲ್ಪ ವೇಗಕ್ಕಾಗಿ ವರ್ಷದ ಮುಖ್ಯ ಗಳಿಕೆಯನ್ನು ಬಿಟ್ಟುಕೊಡುವುದು ಎಷ್ಟು ಸರಿ ಎಂದು ಮೊದಲೇ ಲೆಕ್ಕ ಹಾಕಬೇಕು.

ಇಂಧನವೂ ಮುಖ್ಯ. ರಿಯಾಯಿತಿ ಸೀಮೆಎಣ್ಣೆಯ ಪೂರೈಕೆ ಕುಗ್ಗಿದ ಹಿನ್ನೆಲೆಯಲ್ಲಿ, ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗೆ ಬದಲಾಗಲು ಸಹಾಯಧನ ನೀಡುವುದಾಗಿ 2023ರಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿತ್ತು. ಹೊಸ ಎಂಜಿನ್ ಕೊಳ್ಳುವವರು ಮೊದಲು ಮೀನುಗಾರಿಕೆ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ವಿಚಾರಿಸುವುದು ಲೇಸು. ದೋಣಿಯ ಉದ್ದ, ಎಂಜಿನ್ ಬದಲಾದರೆ ನೋಂದಣಿ ದಾಖಲೆಯಲ್ಲಿಯೂ ತಿದ್ದುಪಡಿ ಆಗಬೇಕು. 2008ರ ಮುಂಬೈ ದಾಳಿಯ ನಂತರ ಕಡಲಿನಲ್ಲಿ ತಪಾಸಣೆ ಬಿಗಿಯಾಗಿದ್ದು, ದಾಖಲೆಗೂ ದೋಣಿಗೂ ತಾಳೆಯಾಗದಿದ್ದರೆ ತೊಂದರೆ ತಪ್ಪದು.

ಅಂಚು ಏರಿಸಿದರೆ

ಹೆಚ್ಚು ಬಲೆ, ಹೆಚ್ಚು ಮೀನು ತುಂಬಲು ಅಂಚಿನ ಮೇಲೆ ಇನ್ನೊಂದು ಹಲಗೆ ಏರಿಸುವುದು ಅತ್ಯಂತ ಅಪಾಯದ ಮಾರ್ಪಾಡು. ಭಾರ ಮೇಲೇರಿದಷ್ಟೂ ದೋಣಿ ಹೊರಳುವ ಸಾಧ್ಯತೆ ಹೆಚ್ಚು. ಅಗಲ ಹೆಚ್ಚದೆ ಎತ್ತರವಷ್ಟೇ ಹೆಚ್ಚಿದ ದೋಣಿಗೆ ಮಳೆಗಾಲದ ಅಳಿವೆಬಾಯಿಯ ಅಡ್ಡ ಅಲೆಗಳೇ ಕಂಟಕ. ಇದರ ಬದಲು ಅಡ್ಡಹಲಗೆಗಳ ಕೆಳಗೆ ತೇಲುವ ಫೋಮ್ ತುಂಡುಗಳನ್ನು ಭದ್ರವಾಗಿ ಕೂರಿಸಿದರೆ, ಮಗುಚಿದರೂ ದೋಣಿ ಮುಳುಗದೆ ಹಿಡಿದುಕೊಳ್ಳಲು ಆಸರೆಯಾಗುತ್ತದೆ. ದುರಸ್ತಿಯೇ ಇರಲಿ, ಮಾರ್ಪಾಡೇ ಇರಲಿ, ಈ ಒಂದು ಸೇರ್ಪಡೆ ಎರಡಕ್ಕೂ ಅನ್ವಯ.

ಯಾವಾಗ ಯಾವುದು?

ಅಡಿಮರ ಗಟ್ಟಿಯಾಗಿದ್ದು ಕೆಲವೇ ಹಲಗೆಗಳು ಕೆಟ್ಟಿದ್ದರೆ ದುರಸ್ತಿಯೇ ಜಾಣತನ. ಮೊಳೆಯ ದೋಣಿಯಾಗಿದ್ದು, ಮರ ಪೂರ್ತಿ ಒಣಗಿ ಆರೋಗ್ಯವಾಗಿದ್ದರೆ ಫೈಬರ್ ಹೊದಿಕೆಯನ್ನು ಪರಿಗಣಿಸಬಹುದು. ಅಡಿಮರವೇ ಟೊಳ್ಳಾಗಿದ್ದರೆ ಎರಡೂ ಬೇಡ. ಆ ದೋಣಿಯ ಮೇಲೆ ಸುರಿಯುವ ಹಣವನ್ನು ಹೊಸ ದೋಣಿಗೆ ಇಡುವುದೇ ಮೇಲು. ಹೊಸದನ್ನು ಕಟ್ಟಿಸುವ ಮುನ್ನ ಹಳೆಯದರ ಉದ್ದ, ಅಗಲ, ಬಾಗುಗಳ ಅಳತೆ ತೆಗೆದಿಟ್ಟುಕೊಳ್ಳಬೇಕು. ಆ ಊರಿನ ಅಲೆಗೆ, ಆ ಊರಿನ ಮರಳದಂಡೆಗೆ ಹೊಂದುವ ಆಕಾರವನ್ನು ಹಿರಿಯರು ತಲೆಮಾರುಗಳ ಅನುಭವದಿಂದ ಕಂಡುಕೊಂಡಿದ್ದರು. ಮರ ಹೋದರೂ ಆ ಅಳತೆ ಉಳಿಯಬೇಕು.