ಹಲ್ಲಿಗೆ ಕ್ಲಿಪ್ ಹಾಕಿಸುವ ಮುನ್ನ

ಯುಗಾದಿ ಕಾರ್ಯಕ್ರಮದ ಗ್ರೂಪ್ ಫೋಟೋದಲ್ಲಿ ನಿಮ್ಮಲ್ಲಿ ಎಷ್ಟು ಜನ ತುಟಿ ಬಿಗಿಹಿಡಿದು ನಿಂತಿದ್ದೀರಿ ಎಂದು ನಾನು ಎಣಿಸಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಮಗಳೂ ಹಾಗೇ ನಿಲ್ಲುತ್ತಿದ್ದಳು. ಅವಳ ಮುಂದಿನ ಹಲ್ಲುಗಳು ಒಂದರ ಮೇಲೊಂದು ಏರಿದ್ದವು. "ಅಮ್ಮಾ, ಕ್ಲಿಪ್ ಹಾಕಿಸು" ಎಂದು ಹಟ ಹಿಡಿದಾಗ ನಾಸಿಕದಲ್ಲಿ ನಮ್ಮ ಮನೆಯ ಹತ್ತಿರದ ದಂತವೈದ್ಯರ ಬಳಿಗೇ ಕರೆದುಕೊಂಡು ಹೋದೆ. ಅವರು ಬಿ.ಡಿ.ಎಸ್. ಮುಗಿಸಿ, ಕೆಲವು ವಾರಾಂತ್ಯಗಳ ತರಬೇತಿಯಲ್ಲಿ ಕ್ಲಿಪ್ ಹಾಕುವುದನ್ನು ಕಲಿತವರು. ಎಂಟು ತಿಂಗಳಲ್ಲಿ ಹಲ್ಲು ಸಾಲಾಗಿ ನಿಂತವು. ಪೇಢೆ ಹಂಚಿದೆವು! ವರ್ಷದೊಳಗೆ ಎಲ್ಲಾ ಮೊದಲಿನಂತೆ. ತಂತಿ ತೆಗೆದ ಮೇಲೆ ರಿಟೇನರ್ ಹಾಕಿಕೊಳ್ಳಲೇಬೇಕೆಂದು ಯಾರೂ ಒತ್ತಿ ಹೇಳಿರಲಿಲ್ಲ. ನಾನೂ ಕೇಳಲಿಲ್ಲ. ನನ್ನ ಇಂಗ್ಲಿಷ್ ಬಿ.ಎ. ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ಹಲ್ಲು ಹೇಗೆ ಸರಿಯುತ್ತದೆ ಗೊತ್ತೇ? ಒತ್ತಡ ಬಿದ್ದ ಕಡೆ ದವಡೆಯ ಮೂಳೆ ಕರಗುತ್ತದೆ, ಹಿಂದುಗಡೆ ಹೊಸ ಮೂಳೆ ತುಂಬಿಕೊಳ್ಳುತ್ತದೆ. ತಿಂಗಳಿಗೆ ಸುಮಾರು 1 ಮಿಲಿಮೀಟರ್, ಅಷ್ಟೇ. ಆ ಮೂಳೆ, ಒಸಡಿನ ನಾರುಗಳು ಹದಕ್ಕೆ ಬರುವವರೆಗೆ ಹಲ್ಲು ತವರಿಗೆ ಓಡಲು ನೋಡುತ್ತಿರುತ್ತದೆ. ಜೋರಾಗಿ ಎಳೆದರೆ ಬೇರು ಸವೆದು ಗಿಡ್ಡವಾಗುವ ಅಪಾಯವೂ ಉಂಟು.

ತಂತಿ ಅಂಟಿಸುವ ಕೈಚಳಕ ಬೇಗ ಬಂದೀತು. ಯಾವ ಹಲ್ಲನ್ನು ಎಷ್ಟು ಸರಿಸಬೇಕು, ಯಾವ ವಯಸ್ಸಿನಲ್ಲಿ, ದೋಷ ಹಲ್ಲಿನದೋ ದವಡೆಯದೋ ಎಂಬ ತಿಳಿವಳಿಕೆ ಅಷ್ಟು ಬೇಗ ಬರುವುದಿಲ್ಲ. ಬಿ.ಡಿ.ಎಸ್.ನಲ್ಲೂ ಆರ್ಥೊಡಾಂಟಿಕ್ಸ್ ಒಂದು ವಿಷಯವೇ. ಎಂ.ಡಿ.ಎಸ್. ಮಾಡುವವರು ಮತ್ತೆ 3 ವರ್ಷ ಅದೊಂದನ್ನೇ ಓದುತ್ತಾರೆ. ಒಂದು ಚಿಕಿತ್ಸೆಗೇ ಒಂದೂವರೆ, ಎರಡು ವರ್ಷ ಹಿಡಿಯುವಾಗ, ನಾಲ್ಕು ವಾರಾಂತ್ಯದಲ್ಲಿ ಒಬ್ಬ ರೋಗಿಯನ್ನಾದರೂ ಕೊನೆಯವರೆಗೆ ನೋಡಲು ಆಗುತ್ತದೆಯೇ? (1900ರಲ್ಲಿ ಅಮೆರಿಕದ ಎಡ್ವರ್ಡ್ ಏಂಗಲ್ ಇದಕ್ಕೆಂದೇ ಮೊದಲ ಶಾಲೆ ತೆರೆದಾಗ ಅವರ ಪಾಠವೂ ಕೆಲವೇ ವಾರಗಳದ್ದಾಗಿತ್ತು. ಆಗ ಕಲಿಯಬೇಕಾದದ್ದೂ ಕಡಿಮೆ ಇತ್ತು ಅನ್ನಿ.)

ಹಾಗಾದರೆ ಆ ತರಬೇತಿ ದಂಡವೇ? ಅಲ್ಲ. ನಮ್ಮ ನಾದಿನಿ ಇರುವುದು ಛತ್ರಪತಿ ಸಂಭಾಜಿನಗರದಲ್ಲಿ. 2023ರಲ್ಲಿ ಹೆಸರು ಬದಲಾದರೂ ನನ್ನ ಬಾಯಿಗೆ ಔರಂಗಾಬಾದ್ ಎಂದೇ ಬರುತ್ತದೆ. ಅವಳ ಮಗನಿಗೆ ಆಗ 11 ವರ್ಷ, ಮೇಲಿನ ಹಲ್ಲು ಉಬ್ಬಿದಂತೆ ಕಾಣುತ್ತಿತ್ತು. ಅಲ್ಲಿಯ ದಂತವೈದ್ಯರೂ ಇಂಥದೇ ತರಬೇತಿ ಪಡೆದವರು. ಅವರು ಹುಡುಗನ ಮುಖವನ್ನು ಪಕ್ಕದಿಂದ ನೋಡಿ, "ವಹಿನಿ, ಇದು ಹಲ್ಲಿನ ತೊಂದರೆಯಲ್ಲ, ಕೆಳದವಡೆ ಹಿಂದೆ ಉಳಿದಿದೆ. ಬೆಳೆಯುವ ವಯಸ್ಸು ದಾಟಿದರೆ ಆಪರೇಷನ್ ಬೇಕಾದೀತು. ಇದು ನನ್ನ ಕೈಯ ಕೇಸ್ ಅಲ್ಲ" ಎಂದು ಅಂದೇ ಸರ್ಕಾರಿ ದಂತ ಕಾಲೇಜಿಗೆ ಚೀಟಿ ಬರೆದುಕೊಟ್ಟರು. ಆ ತರಬೇತಿಗೆ ಕೊಟ್ಟ ದುಡ್ಡು ಅಲ್ಲಿ ಸಾರ್ಥಕವಾಯಿತು ಎಂದು ನನಗನಿಸಿತು.

ನೀವು ಹೋದಾಗ ಸಂಕೋಚ ಬಿಟ್ಟು ಕೇಳಿ. ಕ್ಲಿಪ್ ಹಾಕುವವರು ಎಂ.ಡಿ.ಎಸ್. ಆರ್ಥೊ ಮಾಡಿದ್ದಾರೆಯೇ? ಮುಖದ ಪಕ್ಕದ ಎಕ್ಸ್-ರೇ, ಹಲ್ಲಿನ ಅಚ್ಚು ತೆಗೆಯುತ್ತಾರೆಯೇ? ಆಮೇಲೆ ರಿಟೇನರ್ ಎಷ್ಟು ಕಾಲ? "ಆರು ತಿಂಗಳಲ್ಲಿ ಗ್ಯಾರಂಟಿ" ಎಂದರೆ ಎದ್ದು ಬನ್ನಿ.

ನನ್ನ ಮಗಳು 24ನೇ ವಯಸ್ಸಿನಲ್ಲಿ, ತನ್ನ ಸಂಬಳದಲ್ಲೇ, ಎರಡನೇ ಸಲ ಕ್ಲಿಪ್ ಹಾಕಿಸಿಕೊಂಡಳು. ಈಗ ರಾತ್ರಿ ಫೋನ್ ಮಾಡಿದರೆ ರಿಟೇನರ್ ಬಾಯಲ್ಲಿಟ್ಟುಕೊಂಡೇ ತೊದಲುತ್ತಾಳೆ.